ಅಗ್ಗದ ಟೈರು ಸಾಕೇ, ದುಬಾರಿಯದೇ ಬೇಕೇ? ನಮ್ಮ ಬಿಸಿಲಿಗೆ, ನಮ್ಮ ರಸ್ತೆಗೆ

ಮೂರನೇ ಪಾಳಿ | ಬಳ್ಳಾರಿ

ನನ್ನದು ಡಿಸೈರ್ ಕಾರು, ಟೈರಿನ ಅಳತೆ 165/80 ಆರ್14. ಬಳ್ಳಾರಿಯಿಂದ ತೋರಣಗಲ್ಲಿನ ಕಾರ್ಖಾನೆಗೆ ಹೋಗಿ ಬರುವುದು ನಿತ್ಯದ ಓಡಾಟ. ಆಗೊಮ್ಮೆ ಈಗೊಮ್ಮೆ ಬೆಂಗಳೂರು, ಮಂತ್ರಾಲಯ. ನಾಲ್ಕೂ ಟೈರುಗಳು ಸವೆದಿವೆ, ಇನ್ನು ದಿನ ದೂಡುವಂತಿಲ್ಲ. ಅಂಗಡಿಗಳಲ್ಲಿ ವಿಚಾರಿಸಿದರೆ ಒಂದಕ್ಕೆ ಮೂರೂವರೆ ಸಾವಿರದಿಂದ ಹಿಡಿದು ಆರು ಸಾವಿರದವರೆಗೆ ದರ ಹೇಳುತ್ತಿದ್ದಾರೆ. ನಾಲ್ಕಕ್ಕೆ ಲೆಕ್ಕ ಹಾಕಿದರೆ ಹತ್ತು ಸಾವಿರದ ಅಂತರ. ಮಗಳ ಶಾಲೆಯ ಶುಲ್ಕವನ್ನೂ ಇದೇ ತಿಂಗಳು ಕಟ್ಟಬೇಕು. ಅಗ್ಗದ್ದನ್ನು ಹಾಕಿಸಿದರೆ ನಿಜಕ್ಕೂ ಏನು ಕಳೆದುಕೊಳ್ಳುತ್ತೇನೆ? "ಒಳ್ಳೆಯ ಕಂಪನಿಯದು ಒಳ್ಳೆಯದೇ" ಎಂಬ ಉತ್ತರ ಬೇಡ, ಅದನ್ನು ಅಂಗಡಿಯವರೇ ಹೇಳಿ ಕಳಿಸಿದ್ದಾರೆ.

ಬಾಡಿಗೆ ಗಾಡಿ | ರಾಯಚೂರು

ಏನನ್ನೂ ಕಳೆದುಕೊಳ್ಳುವುದಿಲ್ಲ. ನಾವು ಬಾಡಿಗೆಗೆ ಓಡಿಸುವವರು ಟೈರನ್ನು ಕಿಲೋಮೀಟರಿನ ಲೆಕ್ಕದಲ್ಲಿ ನೋಡುತ್ತೇವೆ. ನಾಲ್ಕು ಸಾವಿರದ ಟೈರು ನಾಲ್ಕು ಹಾಕಿಸಿದರೆ 16,000 ರೂಪಾಯಿ. ನಲವತ್ತು ಸಾವಿರ ಕಿಲೋಮೀಟರ್ ಓಡಿದರೆ ಕಿಲೋಮೀಟರಿಗೆ 40 ಪೈಸೆ ಬಿತ್ತು. ಐದೂವರೆ ಸಾವಿರದ್ದು ಹಾಕಿಸಿದರೆ 22,000. ಅದು ಐವತ್ತು ಸಾವಿರ ಓಡಿದರೂ 44 ಪೈಸೆ. ಹೆಚ್ಚು ಕೊಟ್ಟವನಿಗೇ ಹೆಚ್ಚು ಖರ್ಚು. ಅದೂ ಅಲ್ಲದೆ ಅಗ್ಗದ ಟೈರಿನ ರಬ್ಬರ್ ಗಟ್ಟಿ, ಬೇಗ ಸವೆಯುವುದಿಲ್ಲ. ಮೆತ್ತಗಿನ ದುಬಾರಿ ಟೈರು ನಮ್ಮ ಏಪ್ರಿಲ್, ಮೇ ತಿಂಗಳ ಟಾರಿನ ಮೇಲೆ ಕರಗಿಹೋಗುತ್ತದೆ. ಸುಮ್ಮನೆ ದುಡ್ಡು ಸುರಿಯಬೇಡಿ ಅಣ್ಣ.

ಸ್ಪರ್ಶಬಿಂದು | ರಾಯಚೂರು

ಬಾಡಿಗೆ ಗಾಡಿಯವರ ಲೆಕ್ಕ ಚೆನ್ನಾಗಿದೆ, ಆದರೆ ಅದರಲ್ಲಿ ಪೆಟ್ರೋಲ್ ಇಲ್ಲ. ನಾನು ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುವವನು, ಸ್ವಲ್ಪ ಕೊರೆದರೆ ಕ್ಷಮಿಸಿ.

ಟೈರು ಉರುಳುವಾಗ ಪ್ರತಿ ಸುತ್ತಿನಲ್ಲೂ ಒತ್ತಿ ಬಿಡುತ್ತದೆ. ಆ ಒತ್ತುವಿಕೆಯಲ್ಲಿ ಇಂಧನದ ಒಂದು ಪಾಲು ಶಾಖವಾಗಿ ಹೋಗುತ್ತದೆ. ಇದನ್ನು ಕಡಿಮೆ ಮಾಡಲು ಒಳ್ಳೆಯ ವಿನ್ಯಾಸದ ಟೈರುಗಳಲ್ಲಿ ಕಾರ್ಬನ್ ಕಪ್ಪಿನ (ರಬ್ಬರಿಗೆ ಬಲ ಕೊಡುವ ಮಸಿಪುಡಿ) ಜೊತೆಗೆ ಸಿಲಿಕಾ ಎಂಬ ಬಿಳಿ ಪುಡಿಯನ್ನು ಬೆರೆಸುತ್ತಾರೆ. ಸಿಲಿಕಾದಿಂದ ಒದ್ದೆ ರಸ್ತೆಯ ಹಿಡಿತವೂ ಹೆಚ್ಚುತ್ತದೆ. ಇಂಧನದಲ್ಲಿ ಶೇ 1ರಷ್ಟು ಉಳಿಯಿತು ಎಂದುಕೊಳ್ಳಿ. ಐವತ್ತು ಸಾವಿರ ಕಿಲೋಮೀಟರಿಗೆ, ಲೀಟರಿಗೆ 20ರಂತೆ 2,500 ಲೀಟರ್ ಬೇಕು. ಅದರ ಶೇ 1 ಎಂದರೆ 25 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದರೆ 2,500 ರೂಪಾಯಿ. ಈಗ ನಿಮ್ಮ 44 ಪೈಸೆ 39ಕ್ಕೆ ಇಳಿಯಿತು. ಅಂದರೆ ಹಣದ ಲೆಕ್ಕದಲ್ಲಿ ಎರಡೂ ಸಮ. ಇನ್ನು ಉಳಿಯುವುದು ಬ್ರೇಕ್ ಹಾಕಿದಾಗ ಗಾಡಿ ಎಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆ ಮಾತ್ರ.

ಒಣ ರಸ್ತೆಯಲ್ಲಿ, ಗಂಟೆಗೆ 60ರ ವೇಗದಲ್ಲಿ ಅಗ್ಗದ ಟೈರಿಗೂ ದುಬಾರಿ ಟೈರಿಗೂ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಒದ್ದೆ ರಸ್ತೆಯಲ್ಲಿ, 80ರ ಮೇಲೆ, ಗಟ್ಟಿ ರಬ್ಬರ್ ತನ್ನ ಗುಣ ತೋರಿಸುತ್ತದೆ. ನೀವು ಹೊಗಳಿದ ಆ ಗಟ್ಟಿತನಕ್ಕೆ ಅಲ್ಲಿ ಬೆಲೆ ತೆರಬೇಕಾಗುತ್ತದೆ.

ಬಾಡಿಗೆ ಗಾಡಿ | ರಾಯಚೂರು

ಸರ್, ಒದ್ದೆ ರಸ್ತೆ ಎನ್ನುತ್ತೀರಿ. ನಮ್ಮ ಜಿಲ್ಲೆಯಲ್ಲಿ ಮಳೆ ಎಲ್ಲಿದೆ? ಮಲೆನಾಡಿನವರು ಹೇಳಿದರೆ ಒಪ್ಪುತ್ತಿದ್ದೆ.

ಸೋನಾ ಮಸೂರಿ | ಸಿಂಧನೂರು

ಮಳೆ ಬಾರದಿದ್ದರೇನು, ಕಾಲುವೆ ಇದೆಯಲ್ಲ! ನಾಟಿ ಕಾಲದಲ್ಲಿ ನಮ್ಮ ಕಡೆ ಬಂದು ನೋಡಿ. ಗದ್ದೆಯಲ್ಲಿ ಕೆಸರು ತುಳಿದ ಟ್ರ್ಯಾಕ್ಟರುಗಳು ಕೇಜ್ ವೀಲ್ (ಕೆಸರಿಗೆಂದು ಹಾಕುವ ಕಬ್ಬಿಣದ ಚಕ್ರ) ಸಮೇತ ಹಾಗೆಯೇ ಹೆದ್ದಾರಿಗೆ ಹತ್ತುತ್ತವೆ. ಟಾರಿನ ಮೇಲೆ ಎರೆಮಣ್ಣಿನ ರಾಡಿ ಬೀಳುತ್ತದೆ. ಬಿಸಿಲಿಗೆ ಮೇಲ್ಪದರ ಒಣಗಿ ಬೂದಿ ಬಣ್ಣಕ್ಕೆ ತಿರುಗುತ್ತದೆ, ಕೆಳಗೆ ಇನ್ನೂ ಹಸಿ ಇರುತ್ತದೆ. ದೂರದಿಂದ ನೋಡಿದವನಿಗೆ ಒಣ ರಸ್ತೆಯಂತೆಯೇ ಕಾಣುತ್ತದೆ. ಸಿರುಗುಪ್ಪದ ಕಡೆಯಿಂದ ವೇಗವಾಗಿ ಬಂದವರು ಅಲ್ಲಿ ಬ್ರೇಕ್ ಒತ್ತಿದರೆ ಗಾಡಿ ಅಡ್ಡಡ್ಡ ಹೋಗುತ್ತದೆ. ಕಟಾವಿನ ಕಾಲದಲ್ಲಿ ಇನ್ನೊಂದು ಬಗೆ: ಭತ್ತವನ್ನು ರಸ್ತೆಯ ಮೇಲೆಯೇ ಒಣಹಾಕಿರುತ್ತಾರೆ, ಹುಲ್ಲೂ ಬಿದ್ದಿರುತ್ತದೆ. ಮಳೆ ಇಲ್ಲದ ಊರಿನಲ್ಲಿ ಹಿಡಿತ ಬೇಡ ಎಂದರೆ ನಾನು ಒಪ್ಪುವುದಿಲ್ಲ.

ಸ್ಪರ್ಶಬಿಂದು | ರಾಯಚೂರು

ಸೋನಾ ಮಸೂರಿಯವರ ಮಾತು ಸರಿ, ಆದರೆ ದಪ್ಪ ರಾಡಿಯ ಮೇಲೆ ಯಾವ ಕಾರಿನ ಟೈರೂ ನಿಲ್ಲುವುದಿಲ್ಲ. ಟೈರಿನ ಗೆರೆಗಳೊಳಗೆ ಎರೆಮಣ್ಣು ತುಂಬಿಕೊಂಡರೆ ಅದು ನುಣುಪು ಟೈರಿಗೆ ಸಮ. ಅಲ್ಲಿ ವೇಗ ಇಳಿಸುವುದೊಂದೇ ದಾರಿ. ದುಬಾರಿ ಟೈರಿಗೆ ಕೊಟ್ಟ ಹಣ ಕೈಹಿಡಿಯುವುದು ತೆಳುವಾದ ನೀರಿನ ಪದರ ಇರುವಲ್ಲಿ ಮತ್ತು ವರ್ಷದ ಮೊದಲ ಮಳೆಯಲ್ಲಿ. ತಿಂಗಳುಗಟ್ಟಲೆ ಕೂತ ಧೂಳು, ಲಾರಿಗಳಿಂದ ಸೋರಿದ ಎಣ್ಣೆ ಎಲ್ಲ ಸೇರಿ ಮೊದಲ ಅರ್ಧ ಗಂಟೆ ರಸ್ತೆ ಸಾಬೂನಾಗುತ್ತದೆ.

ಗೆರೆಯ ಆಳದ ಬಗ್ಗೆ ಒಂದು ಮಾತು. ಗೆರೆಗಳ ತಳದಲ್ಲಿ ಅಲ್ಲಲ್ಲಿ ಪುಟ್ಟ ರಬ್ಬರ್ ಗಂಟುಗಳಿರುತ್ತವೆ. ಅವುಗಳ ಎತ್ತರ 1.6 ಮಿಲಿಮೀಟರ್. ಟೈರು ಆ ಮಟ್ಟಕ್ಕೆ ಸವೆದರೆ ಕಾನೂನಿನ ಪ್ರಕಾರ ಅದರ ಆಯುಷ್ಯ ಮುಗಿಯಿತು. ಆದರೆ ನೀರನ್ನು ಹೊರದೂಡುವ ಶಕ್ತಿ ಅದಕ್ಕಿಂತ ಬಹಳ ಮೊದಲೇ ಕುಗ್ಗಿರುತ್ತದೆ. 3 ಮಿಲಿಮೀಟರಿಗೆ ಬಂದಾಗಲೇ ಬದಲಾಯಿಸುವ ಯೋಚನೆ ಮಾಡುವುದು ಒಳ್ಳೆಯದು. ಬೋಳಾದ ದುಬಾರಿ ಟೈರಿಗಿಂತ ಹೊಸ ಸಾಧಾರಣ ಟೈರು ಎಷ್ಟೋ ಮೇಲು.

ರಬ್ಬರ್ ವಾಸನೆ | ಕೊಪ್ಪಳ

ನಾನು ಟೈರಿನ ಅಂಗಡಿಯವನೇ. ಕೊಪ್ಪಳದವನಾದ್ದರಿಂದ ಮೂರನೇ ಪಾಳಿಯವರು ನನ್ನ ಗಿರಾಕಿಯಾಗುವ ಸಂಭವ ಕಡಿಮೆ, ಹಾಗಾಗಿ ಮುಕ್ತವಾಗಿ ಹೇಳುತ್ತೇನೆ.

ಯಾವ ಕಂಪನಿ ಎಂದು ಕೇಳುವ ಮೊದಲು ಟೈರು ಯಾವಾಗ ತಯಾರಾಯಿತು ಎಂದು ಕೇಳಿ. ಪಕ್ಕದ ಗೋಡೆಯ ಮೇಲೆ ಡಿಒಟಿ ಎಂದು ಶುರುವಾಗುವ ಸಾಲು ಇರುತ್ತದೆ. ಅದರ ಕೊನೆಯಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ. 2325 ಎಂದಿದ್ದರೆ 2025ನೇ ಇಸವಿಯ 23ನೇ ವಾರ. ಬಹಳಷ್ಟು ಟೈರುಗಳಲ್ಲಿ ಈ ಅಂಕಿ ಒಂದೇ ಬದಿಯಲ್ಲಿರುತ್ತದೆ. ಹಳೆಯ ಸರಕು ಖಾಲಿ ಮಾಡುವ ಇರಾದೆಯಿದ್ದವನು ಆ ಬದಿಯನ್ನು ಒಳಗೆ ಮಾಡಿ ಕೂರಿಸಿಬಿಟ್ಟರೆ ನೀವು ಗಾಡಿಯ ಕೆಳಗೆ ತೆವಳಿ ನೋಡಬೇಕು. ರಿಮ್ಮಿಗೆ ಕೂರಿಸುವ ಮುಂಚೆಯೇ ನಾಲ್ಕನ್ನೂ ನೆಲದ ಮೇಲೆ ಮಲಗಿಸಿ ಓದಿಕೊಳ್ಳಿ. ನೆರಳಿನ ಗೋದಾಮಿನಲ್ಲಿದ್ದ ಒಂದು ವರ್ಷದ ಟೈರಿಗೆ ನಾನು ಅಡ್ಡಿ ಹೇಳುವುದಿಲ್ಲ. ಅಂಗಡಿಯ ಮುಂದೆ ಬಿಸಿಲಿಗೆ ಪೇರಿಸಿಟ್ಟಿದ್ದಾದರೆ ಹೊಸದೂ ಬೇಡ.

ಎರಡನೆಯದು ಐಎಸ್‌ಐ ಗುರುತು. 2009ರ ಗುಣಮಟ್ಟ ನಿಯಂತ್ರಣ ಆದೇಶದ ಮೂಲಕ ಇದು ಕಡ್ಡಾಯವಾಯಿತು. ಕಾರಿನ ಟೈರಿನ ಮೇಲೆ ಐಎಸ್ 15633 ಎಂದು ಕಾಣಬೇಕು.

ಮೂರನೆಯದು ಅಳತೆಯ ನಂತರ ಬರುವ ಅಂಕಿ ಮತ್ತು ಅಕ್ಷರ. ನಿಮ್ಮ ಅಳತೆಗೆ ಸಾಮಾನ್ಯವಾಗಿ 85ಟಿ ಎಂದಿರುತ್ತದೆ. 85 ಎಂದರೆ ಒಂದು ಟೈರು ಹೊರಬಲ್ಲ ಭಾರ 515 ಕಿಲೋ, ಟಿ ಎಂದರೆ ಗಂಟೆಗೆ 190 ಕಿಲೋಮೀಟರ್ ವೇಗದವರೆಗೆ. ಗಾಡಿಯ ಬಾಗಿಲಿನ ಬಳಿಯ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿ ಬರೆದಿದ್ದಕ್ಕಿಂತ ಕಡಿಮೆ ಅಂಕಿಯದನ್ನು ಹಾಕಿಸಬೇಡಿ. ಈ ಮೂರೂ ಸರಿ ಇದ್ದರೆ ನಾಲ್ಕು ಸಾವಿರದ ಟೈರನ್ನು ಧೈರ್ಯವಾಗಿ ಹಾಕಿಸಿ ಎನ್ನುತ್ತೇನೆ.

ಬೇಸಿಗೆಯಲ್ಲಿ ಟೈರು ಸಿಡಿಯಿತು ಎಂದು ಹೊತ್ತು ತರುವವರಲ್ಲಿ ಹೆಚ್ಚಿನವರ ಟೈರಿನಲ್ಲಿ ನಾನು ಕಾಣುವುದು ಒಂದೇ. ರಿಮ್ಮಿನಿಂದ ಬಿಚ್ಚಿದರೆ ಒಳಗಿನಿಂದ ಕಾಫಿಪುಡಿಯಂತೆ ಕಪ್ಪು ರಬ್ಬರ್ ಪುಡಿ ಉದುರುತ್ತದೆ, ಒಳಗೋಡೆಯ ಸುತ್ತ ಉಜ್ಜಿದ ಬಳೆಯ ಗುರುತಿರುತ್ತದೆ. ಗಾಳಿ ಕಡಿಮೆ ಇಟ್ಟುಕೊಂಡು ಓಡಿಸಿದ ಸಾಕ್ಷಿ ಅದು. ಬಿಸಿಲಿಗೆ ಗಾಳಿ ಹಿಗ್ಗುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಕಡಿಮೆ ಹಿಡಿಸಬೇಕು ಎಂದು ಯಾರು ಕಲಿಸಿದರೋ ಗೊತ್ತಿಲ್ಲ, ನಮ್ಮ ಮೂರೂ ಜಿಲ್ಲೆಗಳಲ್ಲಿ ಅದೇ ನಂಬಿಕೆ. ಗಾಳಿ ಕಡಿಮೆಯಾದಷ್ಟೂ ಗೋಡೆ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದು ಒಳಗಿನ ನೂಲಿನಿಂದ ರಬ್ಬರ್ ಬಿಡುತ್ತದೆ. ಮೇಲಿಂದ ಐವರು ಜನ, ಡಿಕ್ಕಿಯಲ್ಲಿ ಅಕ್ಕಿ ಚೀಲ, ಮಧ್ಯಾಹ್ನದ ಮಂತ್ರಾಲಯ ಪ್ರಯಾಣ. ಆಗ ಯಾವ ಕಂಪನಿಯ ಹೆಸರೂ ಕಾಪಾಡುವುದಿಲ್ಲ.

ಶಾಲೆಯ ದಾರಿ | ಕುಷ್ಟಗಿ

ರಬ್ಬರ್ ವಾಸನೆಯವರೇ, ಹಾಗಾದರೆ ಬೇಸಿಗೆಯಲ್ಲಿ ಎಷ್ಟು ಹಿಡಿಸಬೇಕು? ಪೆಟ್ರೋಲ್ ಬಂಕಿನ ಹುಡುಗ ಕೇಳದೆಯೇ 28 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕುತ್ತಾನೆ. ನೈಟ್ರೋಜನ್ ಹಾಕಿಸಿದರೆ ಉಪಯೋಗವಿದೆಯೇ?

ರಬ್ಬರ್ ವಾಸನೆ | ಕೊಪ್ಪಳ

ಮೇಡಂ, ಚಾಲಕರ ಬಾಗಿಲು ತೆರೆದರೆ ಕಂಬದ ಮೇಲೆ ಚೀಟಿ ಇರುತ್ತದೆ. ಅದರಲ್ಲಿರುವ ಅಂಕಿಯೇ ಬೇಸಿಗೆಗೂ ಚಳಿಗಾಲಕ್ಕೂ. ಭಾರ ಹೆಚ್ಚಿದ್ದರೆ ಅದಕ್ಕೆ ಬೇರೆ ಅಂಕಿಯನ್ನೂ ಅಲ್ಲೇ ಕೊಟ್ಟಿರುತ್ತಾರೆ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಹಿಡಿಸಬೇಕು. ಓಡಿ ಬಂದ ಮೇಲೆ ನಾಲ್ಕೈದು ಪಿಎಸ್‌ಐ ಏರಿರುವುದು ಸಹಜ, ಟೈರನ್ನು ಮಾಡಿರುವುದೇ ಅದನ್ನು ಲೆಕ್ಕಕ್ಕೆ ತೆಗೆದುಕೊಂಡು. ಬಿಸಿಯಿದ್ದಾಗ ಹೆಚ್ಚಾಗಿದೆ ಎಂದು ಗಾಳಿ ಬಿಡಿಸಿದರೆ ಮರುದಿನ ಬೆಳಿಗ್ಗೆ ಕಡಿಮೆಯಾಗಿರುತ್ತದೆ. ಇನ್ನು ನೈಟ್ರೋಜನ್. ಸಾಮಾನ್ಯ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ. ಹಾಕಿಸಿದರೆ ನಷ್ಟವಿಲ್ಲ, ಹಾಕಿಸದಿದ್ದರೂ ನಷ್ಟವಿಲ್ಲ. ನಾನೂ ಮಾರುತ್ತೇನೆ, ಕೇಳಿದವರಿಗೆ.

ಹಳೇ ವಿಕ್ರಾಂತ್ | ಬಳ್ಳಾರಿ

ನಮ್ಮ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಅಂಬಾಸಿಡರಿಗೆ ಸಿಕ್ಕಿದ್ದು ಹಾಕುತ್ತಿದ್ದೆವು. ಮೈಸೂರಿನ ವಿಕ್ರಾಂತ್ ಟೈರು ಕಂಪನಿ ಎಂದರೆ ನಮ್ಮದೇ ಎಂಬ ಅಭಿಮಾನ ಬೇರೆ. 1997ರಲ್ಲಿ ಜೆಕೆ ಟೈರ್ ಅದನ್ನು ತೆಗೆದುಕೊಂಡಿತು, ಮೈಸೂರಿನ ಕಾರ್ಖಾನೆ ಈಗಲೂ ನಡೆಯುತ್ತಿದೆ. ಎಂಆರ್‌ಎಫ್, ಅಪೋಲೊ, ಸಿಯೆಟ್, ಜೆಕೆ ಇವುಗಳನ್ನು "ಅಗ್ಗದವು" ಎಂದು ಕರೆಯುವುದನ್ನು ಕೇಳಿದರೆ ನನಗೆ ನಗು ಬರುತ್ತದೆ. ಇವರು ದಶಕಗಟ್ಟಲೆ ನಮ್ಮ ರಸ್ತೆಗಳಿಗೇ ಟೈರು ಮಾಡಿದವರು. ನೆದರ್‌ಲ್ಯಾಂಡ್ಸಿನ ವ್ರೆಡೆಸ್ಟೈನ್ ಕಂಪನಿಯನ್ನು 2009ರಲ್ಲಿ ಕೊಂಡದ್ದು ನಮ್ಮ ಅಪೋಲೊ. ಈಗ ಅದನ್ನೇ ದುಬಾರಿ ಸಾಲಿನಲ್ಲಿ ಮಾರುತ್ತಾರೆ. ಯಾವುದು ಅಗ್ಗದ ಕಂಪನಿ, ಯಾವುದು ದುಬಾರಿ ಕಂಪನಿ?

ಇನ್ನೊಂದು ವಿಷಯ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ತೆರಿಗೆಗೆ ಮುಂಚೆ 4,000 ಇದ್ದ ಟೈರು 5,120ಕ್ಕೆ ಸಿಗುತ್ತಿದ್ದುದು 4,720ಕ್ಕೆ ಸಿಗಬೇಕು. ಹಳೆಯ ದರಪಟ್ಟಿ ತೋರಿಸಿದರೆ ಜಗಳ ಮಾಡಿ. ರಸೀದಿ ಇಲ್ಲದೆ ಕೊಳ್ಳಲೇಬೇಡಿ, ವಾರಂಟಿ ಕೇಳಲು ಹೋದಾಗ ಅದೇ ಆಧಾರ.

ಮೂರನೇ ಪಾಳಿ | ಬಳ್ಳಾರಿ

ಕಾಕಾ, ನಾನು ಅಗ್ಗ ಎಂದದ್ದು ಇವುಗಳಿಗಲ್ಲ. ಒಂದು ಅಂಗಡಿಯಲ್ಲಿ ಹೆಸರೇ ಕೇಳದ ಟೈರನ್ನು ಎರಡೂವರೆ ಸಾವಿರಕ್ಕೆ ತೋರಿಸಿದರು. ಚೀನಾದ್ದು, ಗಟ್ಟಿ ಮಾಲು ಎಂದರು.

ರಬ್ಬರ್ ವಾಸನೆ | ಕೊಪ್ಪಳ

ಅದನ್ನು ಮುಟ್ಟಬೇಡಿ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಕಾರಿನ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು, ಪರವಾನಗಿ ಇಲ್ಲದೆ ತರುವಂತಿಲ್ಲ. ಹಾಗಿರುವಾಗ ಆ ಬೆಲೆಗೆ ಬಂದಿದೆ ಎಂದರೆ ಒಂದೋ ಅಂದಿನ ಹಳೆಯ ಸರಕು, ಇಲ್ಲವೇ ಕಾಗದಪತ್ರ ಇಲ್ಲದ ಸರಕು. ಐಎಸ್‌ಐ ಗುರುತು ಹುಡುಕಿ ನೋಡಿ.

ಅದಿರು ಧೂಳು | ಸಂಡೂರು

ನಮ್ಮ ಕಡೆಯ ಗೋಳು ಯಾರೂ ಹೇಳಲಿಲ್ಲ. ಅದಿರಿನ ಲಾರಿಗಳಿಂದ ಉದುರಿದ ಕಲ್ಲು ರಸ್ತೆಯ ಅಂಚಿನಲ್ಲಿ ಬಿದ್ದಿರುತ್ತದೆ. ಮೂಲೆ ಚೂಪು, ತೂಕ ಬೇರೆ. ಎದುರಿನ ಲಾರಿಗೆ ದಾರಿ ಬಿಡಲು ಒಂದು ಚಕ್ರ ಕೆಳಗಿಳಿಸಿದರೆ ಪಕ್ಕದ ಗೋಡೆ ಕೊಯ್ದುಹೋಗುತ್ತದೆ. ಮಧ್ಯದಲ್ಲಿ ಪಂಕ್ಚರ್ ಆದರೆ ಬತ್ತಿ ಹಾಕಿ ಮುಚ್ಚಬಹುದು, ಗೋಡೆ ಹರಿದರೆ ಟೈರು ಗುಜರಿಗೆ. ಇಂಥ ಕಡೆ ಓಡಾಡುವವರು ಆರು ಸಾವಿರದ ಟೈರು ಹಾಕಿಸಿದರೆ ಹೊಟ್ಟೆ ಉರಿಯುತ್ತದೆ ಅಷ್ಟೆ. ನನ್ನ ಬೊಲೆರೊಗೆ ನಾನು ಹಾಕಿಸುವುದು ಮಧ್ಯಮ ದರದ್ದೇ. ವಾರಕ್ಕೊಮ್ಮೆ ಗಟ್ಟಿ ತಂತಿ ಹಿಡಿದು ಗೆರೆಯಲ್ಲಿ ಸಿಕ್ಕ ಚೂರುಗಳನ್ನು ಕೀಳುತ್ತೇನೆ. ಬಿಟ್ಟರೆ ಅವು ನಿಧಾನವಾಗಿ ಒಳಕ್ಕೆ ಕೊರೆಯುತ್ತವೆ.

ಶಾಲೆಯ ದಾರಿ | ಕುಷ್ಟಗಿ

ವಾರಂಟಿಯ ಮಾತು ಬಂತಲ್ಲ, ಅದಕ್ಕೆ ಹೇಳುತ್ತೇನೆ. ಬಣ್ಣ ಬಳಿಯದ ರಸ್ತೆ ಉಬ್ಬು ರಾತ್ರಿ ಕಾಣಲಿಲ್ಲ, ದಾಟಿದ ಮೇಲೆ ಮುಂದಿನ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಗುಳ್ಳೆ ಎದ್ದಿತ್ತು. ದುಬಾರಿ ಕಂಪನಿಯದೇ ಟೈರು. ವಾರಂಟಿ ಕೇಳಿದರೆ "ಇದು ತಯಾರಿಕೆಯ ದೋಷ ಅಲ್ಲ, ಬಡಿತದಿಂದ ಆದದ್ದು" ಎಂದು ವಾಪಸ್ ಕಳಿಸಿದರು. ಕಾಗದದ ಪ್ರಕಾರ ಅವರು ಹೇಳಿದ್ದು ಸರಿಯೇ ಇರಬಹುದು. ಆದರೆ ಮಾರುವಾಗ ಐದು ವರ್ಷದ ವಾರಂಟಿ ಎಂದವರು ಇದನ್ನು ಏಕೆ ಹೇಳಲಿಲ್ಲ?

ರಬ್ಬರ್ ವಾಸನೆ | ಕೊಪ್ಪಳ

ಹೇಳಿದರೆ ಮಾರಾಟ ಆಗುವುದಿಲ್ಲ ಮೇಡಂ, ಅದಕ್ಕೆ. ಗುಳ್ಳೆ ಎಂದರೆ ಒಳಗಿನ ನೂಲು ಹರಿದು ಗಾಳಿ ಹೊರಪದರಕ್ಕೆ ಬಂದಿದೆ ಎಂದರ್ಥ. ಅದನ್ನು ಹೊತ್ತು ಹೆದ್ದಾರಿಗೆ ಹೋಗಬಾರದು. ಕೆಲವು ಕಂಪನಿಗಳು ಬಡಿತ, ಕೊಯ್ತಕ್ಕೂ ಸೇರಿಸಿ ವಾರಂಟಿ ಕೊಡುತ್ತವೆ, ಆದರೆ ಎಲ್ಲ ಅಳತೆಗಳಿಗೂ ಇಲ್ಲ, ಕೊಂಡ ಮೇಲೆ ನೋಂದಾಯಿಸಲೂಬೇಕು. ಸಂಡೂರು, ಕುಷ್ಟಗಿ ಕಡೆಯವರು ಐನೂರು ರೂಪಾಯಿ ಹೆಚ್ಚು ಕೊಡುವುದಾದರೆ ಹೆಸರಿಗೆ ಕೊಡುವ ಬದಲು ಆ ವಾರಂಟಿಗೆ ಕೊಡಿ.

ಮೂರನೇ ಪಾಳಿ | ಬಳ್ಳಾರಿ

ಎಲ್ಲರಿಗೂ ವಂದನೆ. ಮಧ್ಯಮ ದರದ ಹೊಸ ಟೈರು ಎಂಬುದು ಮನಸ್ಸಿಗೆ ಬಂದಿದೆ. ಈಗ ಎರಡು, ಮೂರು ತಿಂಗಳು ಬಿಟ್ಟು ಎರಡು ಹಾಕಿಸಿದರೆ ಹೇಗೆ? ಹಿಂದಿನ ಎರಡರಲ್ಲಿ ಇನ್ನೂ ಸ್ವಲ್ಪ ಗೆರೆ ಇದೆ. ಹೊಸದನ್ನು ಮುಂದಕ್ಕೆ ಹಾಕಿಸುತ್ತೇನೆ.

ಸ್ಪರ್ಶಬಿಂದು | ರಾಯಚೂರು

ಹೊಸದನ್ನು ಹಿಂದಕ್ಕೆ ಹಾಕಿಸಿ. ಹಿಂದಿನವನ್ನು ಮುಂದಕ್ಕೆ ತನ್ನಿ.

ಬಾಡಿಗೆ ಗಾಡಿ | ರಾಯಚೂರು

ಸರ್, ಇದೆಂಥ ಮಾತು! ಎಂಜಿನ್ ಮುಂದೆ, ಸ್ಟೇರಿಂಗ್ ಮುಂದೆ, ಬ್ರೇಕಿನ ಭಾರವೂ ಮುಂದೆ. ಹಳೆಯದನ್ನು ಮುಂದೆ ಹಾಕಿ ಎಂದು ಯಾವ ಚಾಲಕನೂ ಹೇಳುವುದಿಲ್ಲ.

ಸ್ಪರ್ಶಬಿಂದು | ರಾಯಚೂರು

ಹೇಳುವುದಿಲ್ಲ ಎಂಬುದು ನಿಜ, ಅದಕ್ಕೇ ನಾನು ಹೇಳುತ್ತಿದ್ದೇನೆ. ಒದ್ದೆ ತಿರುವಿನಲ್ಲಿ ಮುಂದಿನ ಟೈರು ಹಿಡಿತ ಬಿಟ್ಟರೆ ಸ್ಟೇರಿಂಗ್ ಹಗುರವಾಗುತ್ತದೆ, ನಿಮಗೆ ಗೊತ್ತಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಹಿಡಿತ ಮರಳುತ್ತದೆ. ಹಿಂದಿನದು ಬಿಟ್ಟರೆ ಗಾಡಿಯ ಬಾಲ ತಿರುಗಿ ಮುಂದಕ್ಕೆ ಬರುತ್ತದೆ. ಅದನ್ನು ಸರಿಪಡಿಸಲು ಬೇಕಾದ ಚಾಕಚಕ್ಯತೆ ನಮ್ಮ ನಿಮ್ಮಂಥವರಿಗೆ ಆ ಕ್ಷಣದಲ್ಲಿ ಇರುವುದಿಲ್ಲ. ಟೈರು ಕಂಪನಿಗಳೇ ಹೊಸ ಜೋಡಿಯನ್ನು ಹಿಂದಕ್ಕೆ ಹಾಕಿ ಎನ್ನುತ್ತವೆ. ಆದರೆ ಹಳೆಯ ಜೋಡಿ 1.6ರ ಗಂಟಿಗೆ ಮುಟ್ಟಿದ್ದರೆ ಹಿಂದೂ ಬೇಡ, ಮುಂದೂ ಬೇಡ. ಒಂದು ಆಕ್ಸಲ್‌ನ ಎರಡೂ ಕಡೆ ಒಂದೇ ಕಂಪನಿ, ಒಂದೇ ವಿನ್ಯಾಸ ಇರಲಿ.

ಬಾಡಿಗೆ ಗಾಡಿ | ರಾಯಚೂರು

ಒದ್ದೆ ತಿರುವು ಮತ್ತೆ ಬಂತು. ನಾನು ಮುಂದಕ್ಕೇ ಹಾಕುತ್ತೇನೆ. ಮುಂದಿನದು ಬೇಗ ಸವೆಯುತ್ತದೆ, ಹತ್ತು ಸಾವಿರ ಕಿಲೋಮೀಟರಿಗೆ ಹಿಂದೆ ಮುಂದೆ ಬದಲಿಸುತ್ತ ಹೋದರೆ ನಾಲ್ಕೂ ಒಟ್ಟಿಗೆ ಮುಗಿಯುತ್ತವೆ, ಈ ಜೋಡಿಯ ತಕರಾರೇ ಇರುವುದಿಲ್ಲ.

ಸ್ಪರ್ಶಬಿಂದು | ರಾಯಚೂರು

ಬದಲಿಸುತ್ತ ಹೋಗುವ ಮಾತನ್ನು ಒಪ್ಪಿದೆ. ಅದರ ಜೊತೆಗೆ ಅಲೈನ್‌ಮೆಂಟ್ ಕೂಡ. ಒಳಅಂಚು ಮಾತ್ರ ಸವೆದ ಟೈರು ಕಂಡರೆ ಟೈರನ್ನು ಬೈಯುವ ಮೊದಲು ಚಕ್ರದ ಕೋನ ನೋಡಿಸಬೇಕು.

ಕೊಳ್ಳುವವರಿಗೆ ಒಂದು ಎಚ್ಚರಿಕೆ: ಈಗ ಟೈರುಗಳ ಮೇಲೆ ಫ್ರಿಜ್ಜಿನಂತೆ ನಕ್ಷತ್ರದ ಚೀಟಿ ಬರುತ್ತಿದೆ. ಆ ನಕ್ಷತ್ರ ಇಂಧನ ಉಳಿತಾಯದ್ದು. ಒದ್ದೆ ಹಿಡಿತಕ್ಕೆ ಎಐಎಸ್-142 ಎಂಬ ಮಾನದಂಡದಲ್ಲಿ ಕನಿಷ್ಠ ಮಟ್ಟ ಗೊತ್ತುಮಾಡಿದ್ದಾರೆ, ಆದರೆ ಯಾವ ಟೈರು ಎಷ್ಟು ಮೇಲು ಎಂದು ಚೀಟಿಯಲ್ಲಿ ದರ್ಜೆ ಕಾಣುವುದಿಲ್ಲ. ಯುರೋಪಿನಲ್ಲಿ 2012ರಿಂದಲೇ ಆ ದರ್ಜೆಯನ್ನು ಚೀಟಿಯಲ್ಲಿ ತೋರಿಸುತ್ತಾರೆ. ನಮಗೂ ತೋರಿಸಿದ್ದರೆ ಈ ಚರ್ಚೆಯ ಅರ್ಧ ಭಾಗ ಬೇಕಾಗುತ್ತಿರಲಿಲ್ಲ.

ಶಾಲೆಯ ದಾರಿ | ಕುಷ್ಟಗಿ

ಇದನ್ನೆಲ್ಲ ಓದಿ ಡಿಕ್ಕಿ ತೆರೆದು ಸ್ಟೆಪ್ನಿಯ ಅಂಕಿ ನೋಡಿದೆ. 1816 ಎಂದಿದೆ. ಒಮ್ಮೆಯೂ ರಸ್ತೆ ಕಂಡಿಲ್ಲ, ಗೆರೆಗಳು ಹೊಚ್ಚ ಹೊಸದಾಗಿವೆ. ಗುಳ್ಳೆ ಬಂದ ಟೈರಿನ ಜಾಗಕ್ಕೆ ಇದನ್ನೇ ಹಾಕಿಕೊಳ್ಳಬಹುದಲ್ಲವೇ?

ರಬ್ಬರ್ ವಾಸನೆ | ಕೊಪ್ಪಳ

2016ರ ಮೇ ತಿಂಗಳದ್ದು. ಬೇಡ ಮೇಡಂ. ರಬ್ಬರಿಗೆ ಓಡಿದರೂ ವಯಸ್ಸಾಗುತ್ತದೆ, ಮಲಗಿದ್ದರೂ ಆಗುತ್ತದೆ, ನಮ್ಮ ಬಿಸಿಲಿನಲ್ಲಿ ಇನ್ನೂ ಬೇಗ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ, ಹತ್ತು ವರ್ಷಕ್ಕೆ ಗೆರೆ ಎಷ್ಟೇ ಇದ್ದರೂ ತೆಗೆಯಿರಿ ಎಂದು ಕಂಪನಿಗಳೇ ಹೇಳುತ್ತವೆ, ಸ್ಟೆಪ್ನಿಯೂ ಆ ಲೆಕ್ಕಕ್ಕೆ ಸೇರಿದ್ದೇ. ಗೆರೆಯನ್ನು ಬೆರಳಿನಿಂದ ಅಗಲಿಸಿ ತಳದಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ ನೋಡಿ. ಸದ್ಯಕ್ಕೆ ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ಹೋಗಲು ಮಾತ್ರ ಬಳಸಿ.

ಅದಿರು ಧೂಳು | ಸಂಡೂರು

ಡಿಕ್ಕಿಯೊಳಗೆ ನೆರಳಿನಲ್ಲಿದ್ದದ್ದಕ್ಕೇ ಹೀಗೆಂದರೆ, ನನ್ನ ಬೊಲೆರೊದ ಸ್ಟೆಪ್ನಿ ಹಿಂಬಾಗಿಲಿನ ಮೇಲೆ ವರ್ಷವಿಡೀ ಬಿಸಿಲಿಗೇ ನೇತಾಡುತ್ತದೆ. ಕವರ್ ಹಾಕಿದರೆ ಸಾಕೇ?

ರಬ್ಬರ್ ವಾಸನೆ | ಕೊಪ್ಪಳ

ಕವರ್ ಹಾಕಿ, ಆದರೆ ಅದಕ್ಕಿಂತ ಒಳ್ಳೆಯದು ಐದನ್ನೂ ಸರದಿಯಲ್ಲಿ ಓಡಿಸುವುದು. ನಿಮ್ಮದು ಐದೂ ಒಂದೇ ಅಳತೆ, 215/75 ಆರ್15. ಸರದಿ ಮಾಡಿಸುವ ದಿನ ಸ್ಟೆಪ್ನಿಯನ್ನೂ ಇಳಿಸಿ ಕೊಡಿ. ಅದರ ಗಾಳಿಯನ್ನೂ ನೋಡಿಸಿ, ಅದರಲ್ಲಿ ಹತ್ತು ಪಿಎಸ್‌ಐ ಇಟ್ಟುಕೊಂಡು ಊರೂರು ತಿರುಗುವವರೇ ಜಾಸ್ತಿ.